ಸ್ಮಾರಕದ ಮುಂದೆ ಗೇಟ್ ಬೇಡ

ಜನ ಸತ್ತ ಜಾಗದಲ್ಲಿ ಮತ್ತೆ ಕಟ್ಟಡ ಕಟ್ಟಬೇಕು ಅಂತ ನನ್ನ ಹತ್ತಿರ ಬರುವ ಮಾಲೀಕರು ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತಾರೆ. "ಸರ್, ಮೊದಲು ಪ್ಲಾನ್ ಮುಗಿಸಿ. ಕೊನೆಗೆ ಎಲ್ಲಾದ್ರೂ ಒಂದು ಮೂಲೇಲಿ ಕಲ್ಲು ನಿಲ್ಲಿಸೋಣ." ಹಾಗೆ ಹೇಳುವವರೇನೂ ಕಲ್ಲುಮನಸ್ಸಿನವರಲ್ಲ. ಅವರಿಗೂ ನೋವಿರುತ್ತದೆ. ಆದರೆ ಸ್ಮಾರಕ ಅಂದರೆ ಇಷ್ಟು ಚದರಡಿ ಕೈಬಿಟ್ಟ ಹಾಗೆ ಅನ್ನೋದು ಅವರ ಲೆಕ್ಕ. ಈ ಲೆಕ್ಕವೇ ತಪ್ಪು.

ಕೆಲವು ವರ್ಷದ ಹಿಂದೆ ಬೇರೆಯವರು ಕಟ್ಟಿಸಿದ್ದ ಇಂಥದೇ ಒಂದು ಕಟ್ಟಡ ನೋಡಲು ಹೋಗಿದ್ದೆ. ಸ್ಮಾರಕ ಫಲಕ ಒಳಗೆ, ಲಿಫ್ಟ್ ಪಕ್ಕ ಇತ್ತು. ಒಳ್ಳೆ ಗ್ರಾನೈಟ್, ಹಿತ್ತಾಳೆ ಅಕ್ಷರ. ಗೇಟಿನಲ್ಲಿ ಒಬ್ಬರು ಅಜ್ಜಿ ನಿಂತಿದ್ದರು. ಕೈಯಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಒಂದು ಮೊಳ ಮಲ್ಲಿಗೆ. ಸೆಕ್ಯುರಿಟಿ ಹುಡುಗ ರಿಜಿಸ್ಟರ್ ತೆರೆದು, "ಅಜ್ಜೀ, ಯಾರನ್ನ ನೋಡ್ಬೇಕು?" ಅಂದ. "ನನ್ನ ಮಗನ್ನ ಕಣಪ್ಪಾ" ಅಂದರು. ಏನು ಬರೆದುಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ. ಪೆನ್ನು ಹಿಡಿದುಕೊಂಡೇ ನಿಂತ. ಅಜ್ಜಿ ಹೂವನ್ನು ಗೇಟಿನ ಸರಳಿಗೆ ಕಟ್ಟಿ ಹೊರಟುಹೋದರು. ಆ ಹುಡುಗನದು ತಪ್ಪಿಲ್ಲ. ನಕ್ಷೆ ಬರೆದವರದು ತಪ್ಪು.

ನಾನು ಪ್ರತಿ ಸಲ ಹೇಳುವುದು ಇಷ್ಟೇ. ಸ್ಮಾರಕಕ್ಕೆ ಬೇಕಾದ್ದು ಜಾಸ್ತಿ ಜಾಗ ಅಲ್ಲ, ದಾರಿ. ಫುಟ್‌ಪಾತಿನಲ್ಲಿ ನಡೆದು ಬಂದವರು ಯಾರನ್ನೂ ಕೇಳದೆ ಅದರ ಮುಂದೆ ನಿಲ್ಲುವ ಹಾಗಿರಬೇಕು. ಹತ್ತಡಿ ಅಗಲ ಸಿಕ್ಕರೂ ಸಾಕು, ಆದರೆ ಅದು ಗೇಟಿನ ಹೊರಗಿರಬೇಕು. ಇದು ಮೊದಲ ದಿನವೇ ತೀರ್ಮಾನ ಆಗಬೇಕು, ಯಾಕೆಂದರೆ ಬೇಸ್‌ಮೆಂಟ್, ಕಾರು ಇಳಿಯುವ ರ‍್ಯಾಂಪ್, ಟ್ರಾನ್ಸ್‌ಫಾರ್ಮರ್ ಎಲ್ಲವೂ ಒಮ್ಮೆ ಕೂತುಬಿಟ್ಟರೆ ರಸ್ತೆ ಕಡೆ ಉಳಿಯುವುದು ಕಸದ ಡಬ್ಬಿಯ ಜಾಗ ಮಾತ್ರ.

ಇದರಿಂದ ನಷ್ಟವೂ ಇಲ್ಲ. ಕಟ್ಟಡದ ಮುಂದೆ ಸೆಟ್‌ಬ್ಯಾಕ್ ಅಂತ ಹೇಗೂ ಖಾಲಿ ಬಿಡಲೇಬೇಕು. ಎಫ್‌ಎಆರ್, ಅಂದರೆ ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ, ಲೆಕ್ಕ ಹಾಕುವುದು ಸಾಮಾನ್ಯವಾಗಿ ಇಡೀ ಸೈಟಿನ ಅಳತೆ ಮೇಲೆ. ಕಾಂಪೌಂಡ್ ಗೋಡೆಯನ್ನು ಒಂದಷ್ಟು ಅಡಿ ಒಳಕ್ಕೆ ತಂದರೆ ಬಾಡಿಗೆಗೆ ಕೊಡುವ ಜಾಗದಲ್ಲಿ ಒಂದು ಅಡಿಯೂ ಹೋಗದು. ಒಂದು ಎಚ್ಚರಿಕೆ ಮಾತ್ರ: ಊರಿಂದ ಊರಿಗೆ ನಿಯಮ ಬೇರೆ. ಫೈರ್ ಇಂಜಿನ್ ಓಡಾಡುವ ದಾರಿಗೆ ಅಡ್ಡ ಬರಬಾರದು. ಗೋಡೆಯ ಹೊರಗೆ ಉಳಿಯುವ ಆ ನೆಲವನ್ನು ಪಾಲಿಕೆಗೆ ಬರೆದುಕೊಡುವುದಾದರೆ ಮೊದಲು ವಕೀಲರನ್ನು ಕೇಳಿ.

ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಜಾಗವನ್ನೇ ನೋಡಿ. ಅಲ್ಲಿ ಒಟ್ಟು 16 ಎಕರೆ. 2001ರ ದಾಳಿಯಲ್ಲಿ ಕಳೆದುಹೋದಷ್ಟು ಆಫೀಸು ಜಾಗ ಪೂರ್ತಿ ವಾಪಸ್ ಬೇಕು ಅನ್ನುವ ಒತ್ತಡ ಇತ್ತು. 2002ರಲ್ಲಿ ಆರು ನಕ್ಷೆ ಮುಂದಿಟ್ಟರು. ಜನ ಒಪ್ಪಲಿಲ್ಲ. ಬರೀ ಆಫೀಸು ತುಂಬಿದ್ದೀರಿ ಅಂದರು. ಆಮೇಲೆ ಆರ್ಕಿಟೆಕ್ಟ್ ಡೇನಿಯಲ್ ಲಿಬೆಸ್ಕಿಂಡ್ ಅವರ ನಕ್ಷೆ ಆಯ್ಕೆಯಾಯಿತು. ಗೋಪುರಗಳೆಲ್ಲ ಅಂಚಿಗೆ ಹೋದವು, ಸುಮಾರು ಅರ್ಧ ಜಾಗ ಸ್ಮಾರಕಕ್ಕೆ ಉಳಿಯಿತು. ಹಳೇ ಗೋಪುರಗಳು ನಿಂತಿದ್ದ ಕಡೆ ಈಗ ಎರಡು ಕೊಳ, ಒಂದೊಂದೂ ಸುಮಾರು ಒಂದು ಎಕರೆ. ಅದರ ಅಡಿಯಲ್ಲೇ ಮ್ಯೂಸಿಯಂ ಇದೆ, ರೈಲು ಓಡುತ್ತದೆ. ಮೇಲಿನ ಓಕ್ ಮರಗಳು ನಿಜದಲ್ಲಿ ಒಂದು ಚಾವಣಿಯ ಮೇಲೆ ಬೆಳೆಯುತ್ತಿವೆ. ಹಾಗಾಗಿ ವ್ಯಾಪಾರಕ್ಕೂ ನೆನಪಿಗೂ ಒಂದೇ ಜಾಗ ಸಾಲದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಅಲ್ಲಿ ನನಗೆ ತುಂಬಾ ಇಷ್ಟವಾದದ್ದು ಹೆಸರುಗಳು. 1993ರಲ್ಲಿ ಅಲ್ಲೇ ಸಿಡಿದ ಬಾಂಬಿಗೆ ಸತ್ತ ಆರು ಜನರೂ ಸೇರಿ 2,983 ಹೆಸರು, ಕಂಚಿನ ಹಲಗೆಯಲ್ಲಿ ತೂತು ಬೀಳುವ ಹಾಗೆ ಕೊರೆದದ್ದು. ಅಕ್ಷರಮಾಲೆಯ ಪ್ರಕಾರ ಜೋಡಿಸಿಲ್ಲ. ಜೊತೆಗೆ ಕೆಲಸ ಮಾಡಿದವರು, ಗೆಳೆಯರು, ಬಂಧುಗಳು ಅಕ್ಕಪಕ್ಕ ಬರುವ ಹಾಗೆ ಮನೆಯವರನ್ನು ಕೇಳಿ ಕೂರಿಸಿದ್ದಾರೆ. ಹುಟ್ಟುಹಬ್ಬದ ದಿನ ಆ ಹೆಸರಿನ ಕೊರೆತದಲ್ಲಿ ಒಂದು ಬಿಳಿ ಗುಲಾಬಿ ಸಿಕ್ಕಿಸುತ್ತಾರೆ. ಹೂವಿಗೆ ಜಾಗ ಆ ಅಕ್ಷರದಲ್ಲೇ ಇದೆ.

ದೆಹಲಿಯ ಉಪಹಾರ್ ಥಿಯೇಟರಿನಲ್ಲಿ 1997ರ ಜೂನ್ 13ರಂದು ಬೆಂಕಿ ಬಿದ್ದು 59 ಜನ ಸತ್ತರು. ಅವರ ನೆನಪಿನ ಸ್ಮೃತಿ ಉಪವನ ಇರುವುದು ಥಿಯೇಟರ್ ಎದುರಿನ ಪಾರ್ಕಿನಲ್ಲಿ. ಮೃತರ ಮನೆಯವರು ಹಟ ಹಿಡಿದು ವರ್ಷಗಟ್ಟಲೆ ಹೋರಾಡಿದವರು. ನಮ್ಮ ಬೆಂಗಳೂರಿನಲ್ಲಿ 1981ರ ವೀನಸ್ ಸರ್ಕಸ್ ಬೆಂಕಿಗೆ 92 ಜನ ಹೋದರು, ಹೆಚ್ಚಿನವರು ಮಕ್ಕಳು. 1983ರಲ್ಲಿ ಗಂಗಾರಾಂ ಕಟ್ಟಡ ಕುಸಿದು 123 ಜನ. ನಮ್ಮ ಆಫೀಸಿನ ಹುಡುಗ ಹುಡುಗಿಯರನ್ನು ಕೇಳಿದೆ, ಇವೆರಡೂ ಎಲ್ಲಿ ಆಗಿದ್ದು ಅಂತ. ಒಬ್ಬರಿಗೂ ಗೊತ್ತಿರಲಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ.

ಹೋದ ಸಲದ ಕೆಲಸದಲ್ಲಿ ಮಾಲೀಕರು ನನ್ನ ಮಾತು ಕೇಳಿದರು. ಗೋಡೆ ಎಂಟಡಿ ಒಳಗೆ ಬಂತು. ಹೊರಗೆ ಒಂದು ಹೊಂಗೆ ಮರ, ಅದರ ಬೇರಿಗೋಸ್ಕರ ಅಷ್ಟು ಕಡೆ ಬೇಸ್‌ಮೆಂಟ್ ಅಗೆಯದೆ ಬಿಟ್ಟೆವು. ಒಂದು ಕಲ್ಲುಬೆಂಚು. ಹೆಸರುಗಳು ಕೂತವರ ಕೈಗೂ ಎಟುಕುವ ಎತ್ತರದಲ್ಲಿ. ಗಾಳಿಗೆ ಆರದ ಹಾಗೆ ದೀಪಕ್ಕೆ ಒಂದು ಗೂಡು. ಹೂವು ಬಾಡಿದರೆ ಯಾರು ತೆಗೆಯೋದು ಅಂತ ಮೇಂಟೆನೆನ್ಸಿನವರು ಕೇಳಿದರು. ಸರಿಯಾದ ಪ್ರಶ್ನೆಯೇ. ಮಾಲೀಕರು ಅದನ್ನು ಕರಾರಿನಲ್ಲೇ ಬರೆಸಿದರು: ದಿನಾ ಬೆಳಿಗ್ಗೆ ಗುಡಿಸಬೇಕು, ಅವಘಡ ಆದ ತಾರೀಖಿನ ಮಾರನೆ ದಿನ ಮಾತ್ರ ಹೂವು ಮುಟ್ಟಬಾರದು.