ನಡುವೆಯೇ ನಿಂತ ಎರಡು ಎಚ್‌ಐವಿ ಟ್ರಯಲ್‌ಗಳು

ಕ್ಲಿನಿಕಲ್ ಟ್ರಯಲ್‌ಗಳ, ಅಂದರೆ ಚಿಕಿತ್ಸೆ ಅಥವಾ ಲಸಿಕೆ ಕೆಲಸ ಮಾಡುತ್ತದಾ ಅಂತ ಜನರಲ್ಲಿ ಪರೀಕ್ಷಿಸುವ ಅಧ್ಯಯನಗಳ ಬಗ್ಗೆ ಓದುವಾಗ ನನ್ನನ್ನು ತುಂಬಾ ದಿನ ದಾರಿ ತಪ್ಪಿಸಿದ್ದು ಒಂದೇ ಸಾಲು: ‘ಟ್ರಯಲ್ ಅವಧಿಗೆ ಮೊದಲೇ ನಿಂತಿತು.’ ಏನೋ ಅನಾಹುತ ಆಗಿರಬೇಕು ಅಂದುಕೊಳ್ಳುತ್ತಿದ್ದೆ. ಈ ಎರಡು ಎಚ್‌ಐವಿ ಟ್ರಯಲ್‌ಗಳನ್ನು ಪಕ್ಕಪಕ್ಕ ಇಟ್ಟು ಓದಿದ ಮೇಲೆ ವಿಷಯ ತಿಳಿಯಿತು. ಒಂದು ಗೆದ್ದು ನಿಂತಿದ್ದು, ಇನ್ನೊಂದು ಸೋತು ನಿಂತಿದ್ದು.

ಮೊದಲನೆಯದು ಎಚ್‌ಪಿಟಿಎನ್ 052. ಇದರ ಮುಖ್ಯಸ್ಥರು ಅಮೆರಿಕದ ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕರೊಲಿನಾ ವಿಶ್ವವಿದ್ಯಾಲಯದ ಮೈರಾನ್ ಕೋಹೆನ್. ಆದರೆ ಒಂದು ಯೂನಿವರ್ಸಿಟಿಯ ಊರಲ್ಲೇ ಮುಗಿಯುವ ಕೆಲಸ ಇದಲ್ಲ. 9 ದೇಶಗಳ 13 ಕೇಂದ್ರಗಳಲ್ಲಿ ನಡೆಯಿತು. ಮಲಾವಿಯ ಲಿಲಾಂಗ್ವೆ ಇತ್ತು, ನಮ್ಮ ಪುಣೆ, ಚೆನ್ನೈ ಕೂಡ ಇದ್ದವು. ಸೇರಿದ್ದು 1,763 ಜೋಡಿಗಳು. ಪ್ರತಿ ಜೋಡಿಯಲ್ಲೂ ಒಬ್ಬರಿಗೆ ಎಚ್‌ಐವಿ ಇದೆ, ಇನ್ನೊಬ್ಬರಿಗೆ ಇಲ್ಲ.

ಪ್ರಶ್ನೆ ಇಷ್ಟೇ: ಸೋಂಕಿರುವವರು ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ, ಬೇಗ ಶುರು ಮಾಡಿದರೆ ಸಂಗಾತಿಗೆ ಸೋಂಕು ತಗಲುವುದು ತಪ್ಪುತ್ತದಾ? ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 886 ಜೋಡಿಗಳಲ್ಲಿ ಸೋಂಕಿರುವವರ ಸಿಡಿ4 ಎಣಿಕೆ (ಸಿಡಿ4 ಅಂದರೆ ಎಚ್‌ಐವಿ ನಾಶ ಮಾಡುವ, ರೋಗ ತಡೆಯುವ ರಕ್ತಕಣಗಳು) 350ರಿಂದ 550ರ ನಡುವೆ ಇರುವಾಗಲೇ ಮಾತ್ರೆ ಶುರು. ಉಳಿದ 877 ಜೋಡಿಗಳಲ್ಲಿ ಸಿಡಿ4 ಸುಮಾರು 250ಕ್ಕೆ ಇಳಿಯುವವರೆಗೆ, ಇಲ್ಲವೇ ಏಡ್ಸ್‌ಗೆ ಸಂಬಂಧಿಸಿದ ಕಾಯಿಲೆ ಕಾಣಿಸುವವರೆಗೆ ಕಾಯುವುದು. ಈಗ ಓದಿದರೆ ಕಾಯಿಸಿದ್ದು ಕ್ರೂರ ಅನ್ನಿಸುತ್ತದೆ ಅಲ್ವಾ? ಆಗ ಹಲವು ದೇಶಗಳಲ್ಲಿ ಚಿಕಿತ್ಸೆ ಶುರುವಾಗುತ್ತಿದ್ದುದೇ ತಡವಾಗಿ. ಕಾಂಡೋಮ್, ಕೌನ್ಸೆಲಿಂಗ್ ಎರಡೂ ಗುಂಪಿಗೆ ಸಿಗುತ್ತಿತ್ತು.

ಯಾರು ಮಾತ್ರೆ ತಿನ್ನುತ್ತಿದ್ದಾರೆ ಅನ್ನುವುದು ಇಲ್ಲಿ ಗುಟ್ಟಲ್ಲ. ಗುಟ್ಟಾಗಿದ್ದದ್ದು ಯಾವ ಗುಂಪಿನಲ್ಲಿ ಎಷ್ಟು ಜನರಿಗೆ ಸೋಂಕು ತಗಲಿತು ಅನ್ನುವ ಒಟ್ಟು ಲೆಕ್ಕ. ಅದನ್ನು ನೋಡುತ್ತಿದ್ದವರು ಹೊರಗಿನ ತಜ್ಞರ ಒಂದು ಸಮಿತಿ, ಚಿಕ್ಕದಾಗಿ ಡಿಎಸ್‌ಎಂಬಿ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಒತ್ತಿ ನೋಡುತ್ತೇವಲ್ಲ, ಆ ಲೆಕ್ಕ ಇಲ್ಲಿ ನಡೆಯದು. ಪದೇ ಪದೇ ಮುಚ್ಚಳ ತೆಗೆದು ನೋಡಿದರೆ ಯಾವಾಗಲೋ ಒಮ್ಮೆ ಸುಮ್ನೆ ಅದೃಷ್ಟಕ್ಕೇ ಒಂದು ಗುಂಪು ಗೆದ್ದ ಹಾಗೆ ಕಾಣುತ್ತದೆ. ಅದಕ್ಕೇ ಯಾವಾಗ ನೋಡಬೇಕು, ಎಷ್ಟು ವ್ಯತ್ಯಾಸ ಕಂಡರೆ ನಿಲ್ಲಿಸಬೇಕು ಅಂತ ಮೊದಲೇ ಬರೆದಿಟ್ಟಿರುತ್ತಾರೆ.

2011ರ ಏಪ್ರಿಲ್‌ನಲ್ಲಿ ಸಮಿತಿ ನೋಡಿದಾಗ 39 ಸಂಗಾತಿಗಳಿಗೆ ಹೊಸದಾಗಿ ಸೋಂಕು ತಗಲಿತ್ತು. ಇಬ್ಬರ ವೈರಸ್‌ಗಳ ಜೀನ್ ಹೋಲಿಸಿದರು. 28 ಜನರಿಗೆ ಬಂದಿದ್ದು ಆ ಸಂಗಾತಿಯಿಂದಲೇ ಅಂತ ಖಚಿತವಾಯಿತು. ಈ 28ರಲ್ಲಿ 27 ಕಾಯುವ ಗುಂಪಿನವು. ಬೇಗ ಶುರು ಮಾಡಿದ ಗುಂಪಿನದು 1. ಪುಸ್ತಕಗಳಲ್ಲಿ ಬರುವ ‘ಶೇ 96ರಷ್ಟು ಇಳಿಕೆ’ ಇಲ್ಲಿಂದ ಬಂದಿದ್ದು.

ನಾನು ಮೊದಲ ಸಲ ಎಡವಿದ್ದು ಇಲ್ಲೇ. ಶೇ 96 ಅಂದರೆ ನೂರರಲ್ಲಿ 96 ಜನ ಬಚಾವಾದರು ಅಂತ ಅಲ್ಲ. ಕಾಯುವ ಗುಂಪಿನಲ್ಲೂ 877ಕ್ಕೆ 27, ಅಂದರೆ ಬಹುಪಾಲು ಸಂಗಾತಿಗಳಿಗೆ ಸೋಂಕು ತಗಲಿರಲಿಲ್ಲ. ಒಂದು ಗುಂಪಿನ ಅಪಾಯವನ್ನು ಇನ್ನೊಂದರ ಪಕ್ಕ ಇಟ್ಟಾಗ ಎಷ್ಟು ಕಡಿಮೆಯಾಯಿತು ಅನ್ನುವುದೇ ಈ 96.

ಮೇ ತಿಂಗಳಲ್ಲಿ ಫಲಿತಾಂಶ ಹೊರಗೆ ಬಂತು. ಕಾಯುತ್ತಿದ್ದವರಿಗೂ ಮಾತ್ರೆ ಕೊಡಲು ಮುಂದಾದರು. ಅಂದರೆ ನಿಂತಿದ್ದು ಕಾಯಿಸುವುದು ಮಾತ್ರ. ಜೋಡಿಗಳ ತಪಾಸಣೆ 2015ರವರೆಗೂ ನಡೆಯಿತು. ಕೊನೆಯ ಲೆಕ್ಕದಲ್ಲಿ 96 ಹೋಗಿ 93 ಆಯಿತು. ಬೇಗ ನಿಲ್ಲಿಸಿದ ಟ್ರಯಲ್‌ಗಳಲ್ಲಿ ಮೊದಲ ಅಂಕಿ ಸ್ವಲ್ಪ ಉಬ್ಬಿರುವುದು ಮಾಮೂಲು. ನನಗೆ ಆ 93ಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ: ಮಾತ್ರೆಯಿಂದ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್‌ನ ಪ್ರಮಾಣ) ಸ್ಥಿರವಾಗಿ ಹತೋಟಿಗೆ ಬಂದವರಿಂದ ಸಂಗಾತಿಗೆ ಹರಡಿದ ಒಂದೂ ಪ್ರಕರಣ ಕಂಡುಬರಲಿಲ್ಲ.

ಎರಡನೆಯದು ಲಸಿಕೆಯ ಟ್ರಯಲ್, ಎಚ್‌ವಿಟಿಎನ್ 702. ಇದರ ಬೇರು ಥಾಯ್ಲೆಂಡ್‌ನಲ್ಲಿದೆ. ಅಲ್ಲಿ 16,000ಕ್ಕೂ ಹೆಚ್ಚು ಜನರ ಟ್ರಯಲ್‌ನಲ್ಲಿ ಒಂದು ಲಸಿಕೆ ಶೇ 31ರಷ್ಟು ಕೆಲಸ ಮಾಡಿದೆ ಅಂತ 2009ರಲ್ಲಿ ಗೊತ್ತಾಯಿತು. ಸಾಲದು, ಆದರೆ ಆಸೆ ಹುಟ್ಟಿಸುವಷ್ಟು. ಅದನ್ನೇ ದಕ್ಷಿಣ ಆಫ್ರಿಕಾದಲ್ಲಿ ಹರಡಿರುವ ಎಚ್‌ಐವಿಗೆ ತಕ್ಕಂತೆ ಬದಲಿಸಿ 2016ರಲ್ಲಿ ಅಲ್ಲಿ ಶುರು ಮಾಡಿದರು. 5,407 ವಾಲಂಟಿಯರ್‌ಗಳು. ಅರ್ಧ ಜನರಿಗೆ ಲಸಿಕೆ, ಅರ್ಧ ಜನರಿಗೆ ಪ್ಲಸೀಬೊ, ಅಂದರೆ ಔಷಧಿ ಇಲ್ಲದ ಇಂಜೆಕ್ಷನ್. ಇಲ್ಲಿ ಯಾರಿಗೆ ಯಾವುದು ಅಂತ ಹಾಕಿಸಿಕೊಂಡವರಿಗೂ ಗೊತ್ತಿರಲಿಲ್ಲ.

2020ರ ಜನವರಿಯಲ್ಲಿ ಸಮಿತಿ ಲೆಕ್ಕ ತೆರೆಯಿತು. ಲಸಿಕೆ ಗುಂಪಿನಲ್ಲಿ 129 ಸೋಂಕು, ಪ್ಲಸೀಬೊ ಗುಂಪಿನಲ್ಲಿ 123.

ಇದನ್ನು ನೋಡಿ ‘ಲಸಿಕೆಯಿಂದಲೇ ಸೋಂಕು ಹೆಚ್ಚಾಯಿತು’ ಅಂತ ಬರೆದರೆ ಮಾರ್ಕ್ಸ್ ಹೋಗುತ್ತದೆ. ಇಷ್ಟು ದೊಡ್ಡ ಗುಂಪುಗಳಲ್ಲಿ ಆರರ ವ್ಯತ್ಯಾಸ ಅದೃಷ್ಟಕ್ಕೇ ಬರಬಹುದು. ಸಮಿತಿಗೆ ಸುರಕ್ಷತೆಯ ತೊಂದರೆ ಕಾಣಲಿಲ್ಲ. ಮುಂದುವರಿಸಿದರೂ ಉತ್ತರ ಬದಲಾಗುವುದಿಲ್ಲ ಅನ್ನುವುದಷ್ಟೇ ಕಾರಣ. ಇಂಜೆಕ್ಷನ್ ನಿಂತಿತು. ವಾಲಂಟಿಯರ್‌ಗಳು ತಪಾಸಣೆಗೆ ಕ್ಲಿನಿಕ್‌ಗೆ ಬರುವುದು ನಿಲ್ಲಲಿಲ್ಲ.