ಜೋಗ್ಜಾ ಪಕ್ಕದ ಹಳ್ಳಿ: ಗದ್ದೆ ಯಾರದ್ದು, ಹಕ್ಕು ಯಾರ್ಯಾರದ್ದು?

ಇಂಡೊನೇಷ್ಯಾದ ಜಾವಾ ದ್ವೀಪದ ಹಳ್ಳಿ ಜಮೀನಿನ ಬಗ್ಗೆ ಪರೀಕ್ಷೆಗೆ ಓದುವಾಗ ನಾವೆಲ್ಲ ಒಂದು ತಪ್ಪು ಮಾಡುತ್ತೇವೆ. ‘ಈ ಗದ್ದೆಯ ಮಾಲೀಕರು ಯಾರು?’ ಎಂದು ಕೇಳುತ್ತೇವೆ. ಒಂದು ಹೆಸರು ಸಿಕ್ಕ ಕೂಡಲೇ ಮುಂದಿನ ಪುಟಕ್ಕೆ ಹೋಗಿಬಿಡುತ್ತೇವೆ. ಆದರೆ ಅಲ್ಲಿ ಒಂದೇ ಗದ್ದೆಯ ಮೇಲೆ ನಾಲ್ಕೈದು ಜನರ ಹಕ್ಕು ಇರಬಹುದು. ಪತ್ರದಲ್ಲಿ ಇರುವುದು ಒಬ್ಬರ ಹೆಸರು ಮಾತ್ರ. ಪಟ್ಟಣ ಹತ್ತಿರ ಬಂದು ಬೆಲೆ ಏರಿದರೆ ಹಣ ಬರುವುದೂ ಆ ಒಬ್ಬರಿಗೇ. ಉಳಿದವರ ಹಕ್ಕನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಅದು ಸುಮ್ನೆ ಇಲ್ಲವಾಗುತ್ತದೆ. ಇದು ಹೇಗೆ ಆಗುತ್ತದೆ ಎಂದು ತಿಳಿಯಲು ಯೋಗ್ಯಕರ್ತದ ಸುತ್ತಲಿನ ಹಳ್ಳಿಗಳನ್ನು ತೆಗೆದುಕೊಳ್ಳೋಣ. ಅಲ್ಲಿಯವರು ಊರನ್ನು ಪ್ರೀತಿಯಿಂದ ಜೋಗ್ಜಾ ಎನ್ನುತ್ತಾರೆ.

ಯೋಗ್ಯಕರ್ತ ನಗರ ತುಂಬಾ ಚಿಕ್ಕದು, ಸುಮಾರು 32 ಚದರ ಕಿಲೋಮೀಟರ್ ಅಷ್ಟೇ. ಹಾಗಾಗಿ ಊರು ಬೆಳೆದದ್ದೆಲ್ಲ ಹೊರಗೆ. ಉತ್ತರಕ್ಕೆ ಸ್ಲೆಮಾನ್ ಜಿಲ್ಲೆ, ದಕ್ಷಿಣಕ್ಕೆ ಬಂತುಲ್ ಜಿಲ್ಲೆ. ಹೆಸರುವಾಸಿಯಾದ ಗಜಮದ ವಿಶ್ವವಿದ್ಯಾಲಯ ಕೂಡ ಸ್ಲೆಮಾನ್ ಜಿಲ್ಲೆಯ ಚತುರ್ತುಂಗಲ್ ಎಂಬ ಹಳ್ಳಿಯ ಗಡಿಯೊಳಗೇ ಇದೆ. ‘ಚತುರ್’ ಎಂದರೆ ನಾಲ್ಕು, ‘ತುಂಗಲ್’ ಎಂದರೆ ಒಂದು. ನಾಲ್ಕು ಹಳ್ಳಿ ಸೇರಿ ಒಂದಾದದ್ದಕ್ಕೆ ಆ ಹೆಸರು. ಕಾಗದದಲ್ಲಿ ಇದು ಇನ್ನೂ ಹಳ್ಳಿ. ಕಣ್ಣಿಗೆ ಕಾಣುವುದು ಕಾಲೇಜು, ಕೆಫೆ, ಬಾಡಿಗೆ ಕೋಣೆಗಳ ಸಾಲು. ಅದರ ನಡುವೆ ಸೆಲೋಕನ್ ಮಾತರಂ ಎಂಬ ನೀರಾವರಿ ಕಾಲುವೆ ಹರಿಯುತ್ತದೆ. ಜಪಾನಿಯರು ಆಳುತ್ತಿದ್ದಾಗ ಯೋಗ್ಯಕರ್ತದ ಸುಲ್ತಾನ ಒಂಬತ್ತನೇ ಹಮೆಂಗ್ಕುಬುವೊನೊ ಇದನ್ನು ತೋಡಿಸಿದರು. ಕಾಲುವೆ ಕೆಲಸ ಇದ್ದರೆ ತಮ್ಮ ಜನರನ್ನು ಜಪಾನಿಯರು ದೂರದ ಊರುಗಳಿಗೆ ಬಿಟ್ಟಿ ದುಡಿಮೆಗೆ ಎಳೆದೊಯ್ಯಲಾರರು ಎಂಬ ಲೆಕ್ಕ ಅವರದ್ದು ಎಂದು ಜನ ಈಗಲೂ ಹೇಳುತ್ತಾರೆ. ಪ್ರೋಗೊ ಮತ್ತು ಓಪಕ್ ನದಿಗಳನ್ನು ಜೋಡಿಸುವ ಈ ಕಾಲುವೆ ಗದ್ದೆಗೆ ನೀರು ಕೊಡಲು ಆದದ್ದು. ಈಗ ಅದರ ದಂಡೆಯ ಎಷ್ಟೋ ಕಡೆ ಗದ್ದೆಯೇ ಇಲ್ಲ.

ನಮಗೆ ಗೊತ್ತಿರುವ ಪದಗಳು

ಇಂಡೊನೇಷ್ಯಾದ ಜಮೀನಿನ ಭಾಷೆ ಕನ್ನಡಿಗರಿಗೆ ಅಷ್ಟು ಕಷ್ಟವಲ್ಲ. ಹಕ್ಕಿಗೆ ಅವರು ‘ಹಾಕ್’ ಎನ್ನುತ್ತಾರೆ. ವಾರಸುದಾರರು ‘ಆಹ್ಲಿ ವಾರಿಸ್’. ಸಾಕ್ಷಿ ‘ಸಾಕ್ಸಿ’. ಹಳ್ಳಿ ‘ದೇಸಾ’, ಅಂದರೆ ನಮ್ಮ ದೇಶ. ನಗರಕ್ಕೆ ‘ಕೋತಾ’, ಅದು ನಮ್ಮ ಕೋಟೆಯ ನೆಂಟ. ಆಸ್ತಿ ‘ಹಾರ್ತಾ’, ಅದು ಸಂಪತ್ತು ಎನ್ನುವ ‘ಅರ್ಥ’. ಅರಬ್ಬಿಯಿಂದಲೂ ಸಂಸ್ಕೃತದಿಂದಲೂ ಬಂದ ಪದಗಳು ಅವರ ಕಂದಾಯ ಕಚೇರಿಯಲ್ಲೂ ಇವೆ, ನಮ್ಮ ಕಂದಾಯ ಕಚೇರಿಯಲ್ಲೂ ಇವೆ. ಓದುವಾಗ ಇದನ್ನು ನೆನಪಿಟ್ಟುಕೊಂಡರೆ ಅರ್ಧ ಭಯ ಹೋಗುತ್ತದೆ.

ಕೆಲವು ಪದಗಳನ್ನು ಮಾತ್ರ ಹೊಸದಾಗಿ ಕಲಿಯಬೇಕು. ನೀರಿನ ಗದ್ದೆ ‘ಸಾವಾ’. ಮನೆ ಸುತ್ತಲಿನ ಹಿತ್ತಲು ‘ಪೆಕರಾಂಗನ್’. ಈ ಎರಡನ್ನು ಯಾವತ್ತೂ ಬೆರೆಸಬೇಡಿ. ಕಾನೂನಿನಲ್ಲೂ ಬೆಲೆಯಲ್ಲೂ ಇವು ಬೇರೆ ಬೇರೆ.

ಪತ್ರ: ಗಿರಿಕ್‌ನಿಂದ ಸರ್ಟಿಫಿಕೇಟ್‌ವರೆಗೆ

ಹಳೇ ಕಾಲದಲ್ಲಿ ಹಳ್ಳಿ ಕಚೇರಿಯಲ್ಲಿ ಒಂದು ದಪ್ಪ ಪುಸ್ತಕ ಇರುತ್ತಿತ್ತು. ಅದಕ್ಕೆ ‘ಲೆಟರ್ ಸಿ’ ಎನ್ನುತ್ತಾರೆ. ಯಾವ ತುಂಡಿನ ಕಂದಾಯ ಯಾರು ಕಟ್ಟುತ್ತಾರೆ ಎಂದು ಅದರಲ್ಲಿ ಬರೆದಿರುತ್ತಿತ್ತು. ಅದರ ಆಧಾರದ ಮೇಲೆ ಮನೆಯವರ ಕೈಯಲ್ಲಿ ಇರುವ ಚೀಟಿ ‘ಗಿರಿಕ್’. ಪೂರ್ವ ಜಾವಾದ ಕಡೆ ‘ಪೆತೊಕ್’ ಎನ್ನುವುದೂ ಉಂಟು.

ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಗಿರಿಕ್ ಮಾಲೀಕತ್ವದ ಪತ್ರವಲ್ಲ. ಅದು ಕಂದಾಯಕ್ಕೆ ಸಂಬಂಧಿಸಿದ ಕಾಗದ. ನಮ್ಮಲ್ಲಿ ಕಂದಾಯ ಕಟ್ಟಿದ ರಸೀದಿ ಇದ್ದ ಮಾತ್ರಕ್ಕೆ ಜಮೀನು ನಮ್ಮದಾಗುವುದಿಲ್ಲ, ಅಲ್ವಾ? ಹಾಗೆಯೇ ಇದೂ. ಆದರೆ ಹಳ್ಳಿಯೊಳಗೆ ಇದೇ ಸಾಕಾಗುತ್ತಿತ್ತು. ಯಾಕೆಂದರೆ ಯಾರ ಗದ್ದೆ ಎಲ್ಲಿಂದ ಎಲ್ಲಿವರೆಗೆ ಎಂದು ಅಕ್ಕಪಕ್ಕದವರಿಗೆಲ್ಲ ಗೊತ್ತಿತ್ತು. ಅಲ್ಲಿನ ರೂಢಿಯ ಕಾನೂನಿನಲ್ಲಿ ಜಮೀನು ಮಾರಾಟ ‘ತೆರಾಂಗ್ ದಾನ್ ತುನಾಯ್’ ಆಗಿರಬೇಕು. ಅಂದರೆ ಎಲ್ಲರ ಕಣ್ಣೆದುರು, ಕೈಗೆ ಕೈ ಹಣ. ಹಳ್ಳಿಯ ಮುಖ್ಯಸ್ಥರು ಮತ್ತು ಸಾಕ್ಷಿಗಳ ಮುಂದೆ ಹಣ ಕೊಟ್ಟ ಕ್ಷಣವೇ ಜಮೀನು ಕೈ ಬದಲಾಯಿತು.

1960ರ ಸೆಪ್ಟೆಂಬರ್ 24ರಂದು ಇಂಡೊನೇಷ್ಯಾದ ಮೂಲ ಭೂಕಾನೂನು ಬಂತು. ಆ ದಿನವನ್ನು ಈಗಲೂ ರೈತರ ದಿನವಾಗಿ ಆಚರಿಸುತ್ತಾರೆ. ಡಚ್ಚರ ಕಾಲದ ಎರಡು ಬಗೆಯ ಭೂಕಾನೂನನ್ನು ತೆಗೆದು ಎಲ್ಲರಿಗೂ ಒಂದೇ ಮಾಡಿದ ಕಾನೂನು ಅದು. ಅದರಲ್ಲಿ ಅತಿ ಗಟ್ಟಿಯಾದ ಹಕ್ಕು ‘ಹಾಕ್ ಮಿಲಿಕ್’, ಪೂರ್ಣ ಒಡೆತನ. ಇದು ಇಂಡೊನೇಷ್ಯಾದ ಪ್ರಜೆಗಳಿಗೆ ಮಾತ್ರ. ಕಂಪನಿಗಳಿಗೆ ಸಾಮಾನ್ಯವಾಗಿ ಸಿಗುವುದು ಅವಧಿ ಇರುವ ಕಟ್ಟಡದ ಹಕ್ಕು. ವಿದೇಶಿಯರಿಗೆ ಬಳಕೆಯ ಹಕ್ಕು. ಆರನೇ ವಿಧಿ ‘ಎಲ್ಲ ಭೂಹಕ್ಕಿಗೂ ಸಮಾಜದ ಹೊಣೆ ಇದೆ’ ಎನ್ನುತ್ತದೆ. ಈ ಒಂದು ಸಾಲನ್ನು ಗುರುತು ಹಾಕಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

2017ರಿಂದ ಸರ್ಕಾರ ಹಳ್ಳಿ ಹಳ್ಳಿಯಲ್ಲಿ ಒಟ್ಟಿಗೆ ಅಳತೆ ಮಾಡಿ ಸರ್ಟಿಫಿಕೇಟ್ ಕೊಡುವ ಕಾರ್ಯಕ್ರಮ ನಡೆಸಿದೆ. 2021ರ ಒಂದು ಸರ್ಕಾರಿ ನಿಯಮ ಗಿರಿಕ್‌ನಂಥ ಹಳೇ ಕಾಗದಗಳಿಗೆ ಐದು ವರ್ಷದ ಗಡುವು ಹಾಕಿತು. ಅಷ್ಟರೊಳಗೆ ನೋಂದಣಿ ಆಗದಿದ್ದರೆ ಅವು ಹಕ್ಕಿನ ಪುರಾವೆ ಅಲ್ಲ, ಬರೀ ಒಂದು ಸುಳಿವು. ಸರ್ಟಿಫಿಕೇಟ್‌ನಿಂದ ಒಳ್ಳೆಯದೂ ಇದೆ. ಬ್ಯಾಂಕ್ ಸಾಲ ಸಿಗುತ್ತದೆ, ಗಡಿ ಜಗಳ ಕಡಿಮೆಯಾಗುತ್ತದೆ. ಇನ್ನೊಂದು ಪರಿಣಾಮವೂ ಇದೆ. ಊರಿನ ಬಾಯಲ್ಲಿ ಇದ್ದ ಜಮೀನು ಒಂದು ಹಾಳೆಗೆ ಬಂತು. ಹಾಳೆ ಇದ್ದರೆ ಊರು ನೋಡದವರೂ ಕೊಳ್ಳಬಹುದು.

ಹಳ್ಳಿಯ ಜಮೀನು, ಅರಮನೆಯ ಜಮೀನು

ಜಾವಾದಲ್ಲಿ ಹಳ್ಳಿಗೇ ಸ್ವಂತ ಜಮೀನು ಇರುತ್ತದೆ. ಹಳ್ಳಿಯ ಮುಖ್ಯಸ್ಥರು, ಗುಮಾಸ್ತರು, ಪಾಡಿಯ ಮುಖ್ಯಸ್ಥರು ಇವರಿಗೆಲ್ಲ ಸಂಬಳದ ಜೊತೆ ಗದ್ದೆ. ಇದಕ್ಕೆ ‘ಬೆಂಗ್ಕೊಕ್’ ಎಂದು ಹೆಸರು. ಜೋಗ್ಜಾದಲ್ಲಿ ‘ಪೆಲುಂಗ್ಗುಹ್’ ಎನ್ನುತ್ತಾರೆ. ಹುದ್ದೆ ಬಿಟ್ಟರೆ ಗದ್ದೆಯನ್ನೂ ಬಿಡಬೇಕು. ನಿವೃತ್ತರಾದವರಿಗೆ ಪಿಂಚಣಿಯಂತೆ ಬೇರೆ ಗದ್ದೆ ಉಂಟು. ಹಳ್ಳಿಯ ಖರ್ಚಿಗೆ ಇಟ್ಟ ಜಮೀನು ಮತ್ತೊಂದು. ನಮ್ಮ ಶಾನುಭೋಗರು, ಪಟೇಲರು, ತಳವಾರರ ಉಂಬಳಿ ನೆನಪಾಗುತ್ತದೆ. ನಮ್ಮಲ್ಲಿ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆಯಿಂದ ಅದು ಹೋಯಿತು. ಅಲ್ಲಿ ಇನ್ನೂ ಜೀವಂತವಾಗಿದೆ.

ಯೋಗ್ಯಕರ್ತದಲ್ಲಿ ಇನ್ನೊಂದು ಪದರ ಇದೆ. ಅಲ್ಲಿ ಸುಲ್ತಾನರೇ ಪ್ರಾಂತ್ಯದ ಗವರ್ನರ್. 2012ರ ವಿಶೇಷ ಕಾನೂನು ಸುಲ್ತಾನರ ಮನೆತನಕ್ಕೂ ಅಲ್ಲಿನ ಇನ್ನೊಂದು ಚಿಕ್ಕ ರಾಜಮನೆತನವಾದ ಪಾಕುವಾಲಮನ್‌ಗೂ ಜಮೀನಿನ ಒಡೆತನ ಇದೆ ಎಂದು ಒಪ್ಪಿತು. ಹಳ್ಳಿಯ ಜಮೀನು ಎಷ್ಟೋ ಕಡೆ ಅರಮನೆ ಬಳಸಲು ಬಿಟ್ಟುಕೊಟ್ಟದ್ದು. ಹಾಗಾಗಿ ಬಾಡಿಗೆಗೆ ಕೊಡಬೇಕಾದರೆ ಗವರ್ನರ್ ಅನುಮತಿ ಬೇಕು. ನಾನು ಮೇಲೆ ಹೇಳಿದ ಚತುರ್ತುಂಗಲ್‌ನಲ್ಲೇ ಹೀಗೆ ಬಾಡಿಗೆಗೆ ಪಡೆದ ಹಳ್ಳಿ ಜಮೀನಿನಲ್ಲಿ ನಿಯಮ ಮೀರಿ ಮನೆ ಕಟ್ಟಿದ ಪ್ರಕರಣ 2023ರಲ್ಲಿ ನ್ಯಾಯಾಲಯಕ್ಕೆ ಬಂತು. ಹಣ ಕೊಟ್ಟು ಮನೆ ಹಿಡಿದವರು ನಡುವೆ ಸಿಕ್ಕಿಕೊಂಡರು. ನಗರದ ಅಂಚಿನಲ್ಲಿ ಖಾಲಿ ಕಾಣುವ ಜಮೀನು ಎಷ್ಟೋ ಸಲ ಇಡೀ ಹಳ್ಳಿಯದ್ದಾಗಿರುತ್ತದೆ. ಬಿಲ್ಡರ್‌ಗಳ ಕಣ್ಣು ಮೊದಲು ಬೀಳುವುದೂ ಅದರ ಮೇಲೇ.

ಪತ್ರದಲ್ಲಿ ಇಲ್ಲದ ಹಕ್ಕುಗಳು

ನನಗೆ ಈ ವಿಷಯದಲ್ಲಿ ಅತಿ ಮುಖ್ಯ ಅನಿಸುವುದು ಈ ಭಾಗ. ದಯವಿಟ್ಟು ನಿಧಾನವಾಗಿ ಓದಿ.

ಒಂದು ಗದ್ದೆ ತೆಗೆದುಕೊಳ್ಳಿ. ಸರ್ಟಿಫಿಕೇಟ್ ಒಬ್ಬ ಶಾಲಾ ಮೇಷ್ಟರ ಹೆಸರಿನಲ್ಲಿದೆ ಎನ್ನೋಣ. ಅವರು ಉಳುವುದಿಲ್ಲ. ಪಕ್ಕದ ಮನೆಯವರು ಕೋರಿಗೆ ಮಾಡುತ್ತಾರೆ. ಬೆಳೆಯಲ್ಲಿ ಅರ್ಧ ಅರ್ಧ ಆದರೆ ಅದು ‘ಮಾರೊ’. ಮೂರು ಪಾಲು ಮಾಡಿ ಉಳುವವರಿಗೆ ಒಂದು ಪಾಲು ಬಂದರೆ ‘ಮೆರ್ತೆಲು’. ಇದಕ್ಕೆ 1960ರಲ್ಲೇ ಒಂದು ಕಾನೂನು ಬಂದಿದೆ, ಒಪ್ಪಂದವನ್ನು ಬರೆದು ಮಾಡಬೇಕು ಎಂದು. ಹಳ್ಳಿಯಲ್ಲಿ ಬರೆಯುವವರು ಕಡಿಮೆ. ಮಾತೇ ಒಪ್ಪಂದ.

ಕೊಯ್ಲಿನ ಹೊತ್ತಿಗೆ ಇನ್ನಷ್ಟು ಜನ ಬರುತ್ತಿದ್ದರು. ಹಿಂದೆ ಹೆಂಗಸರು ‘ಆನಿ-ಆನಿ’ ಎಂಬ ಅಂಗೈಯಲ್ಲಿ ಹಿಡಿಯುವ ಪುಟ್ಟ ಕತ್ತಿಯಿಂದ ಒಂದೊಂದೇ ತೆನೆ ಕೊಯ್ಯುತ್ತಿದ್ದರು. ಕೊಯ್ದದ್ದರಲ್ಲಿ ಒಂದು ಪಾಲು ಅವರಿಗೆ. ಆ ಪಾಲಿನ ಹೆಸರು ‘ಬಾವೊನ್’. ಬಂದವರನ್ನು ಬೇಡ ಎಂದು ಕಳಿಸುವುದು ಗದ್ದೆಯವರಿಗೆ ಸುಲಭವಾಗಿರಲಿಲ್ಲ. ಊರಿನಲ್ಲಿ ಮಾತು ಬರುತ್ತಿತ್ತು. ಕೊಯ್ಲು ಮುಗಿದ ಮೇಲೆ ಇನ್ನೂ ಬಡವರು ಬಂದು ಬಿದ್ದ ತೆನೆ ಹೆಕ್ಕುತ್ತಿದ್ದರು. ನಾವು ಹಕ್ಕಲು ಆಯುವುದು ಎನ್ನುತ್ತೇವಲ್ಲ, ಅದೇ. ಭೂಮಿ ಇಲ್ಲದ ಮನೆಗೂ ಹೀಗೆ ವರ್ಷಕ್ಕೆ ಒಂದಿಷ್ಟು ಅಕ್ಕಿ ಬರುತ್ತಿತ್ತು.

1970ರ ದಶಕದಲ್ಲಿ ಹೊಸ ಗಿಡ್ಡ ತಳಿಯ ಭತ್ತ ಬಂತು. ಆನಿ-ಆನಿ ಹೋಗಿ ಕುಡುಗೋಲು ಬಂತು. ಅದರ ಜೊತೆ ‘ತೆಬಾಸನ್’ ಎಂಬ ಪದ್ಧತಿ ಹರಡಿತು. ನಿಂತ ಬೆಳೆಯನ್ನೇ ವ್ಯಾಪಾರಿಗೆ ಮಾರುವುದು. ವ್ಯಾಪಾರಿ ತನ್ನ ಆಳುಗಳನ್ನು ಕರೆತರುತ್ತಾನೆ. ಅವನಿಗೆ ಊರಿನ ಮಾತಿನ ಹಂಗಿಲ್ಲ. ನೂರು ಕೈ ಮಾಡುತ್ತಿದ್ದ ಕೆಲಸ ಹತ್ತು ಕೈಗೆ ಬಂತು. ಅಂದರೆ ನಗರ ಬರುವ ಮುಂಚೆಯೇ ಈ ಹಕ್ಕು ಸಣ್ಣದಾಗಲು ಶುರುವಾಗಿತ್ತು. ಈ ಕ್ರಮವನ್ನು ಮರೆತು ಎಲ್ಲದಕ್ಕೂ ನಗರವೇ ಕಾರಣ ಎಂದು ಬರೆದರೆ ಉತ್ತರ ತಪ್ಪಾಗುತ್ತದೆ.

ಮನೆಯ ವಿಷಯ ಇನ್ನೂ ಚೆನ್ನಾಗಿದೆ. ಅಲ್ಲಿನ ರೂಢಿಯಲ್ಲಿ ನೆಲ ಬೇರೆ, ನೆಲದ ಮೇಲಿನದ್ದು ಬೇರೆ. ಮನೆ ಒಬ್ಬರದ್ದು, ನೆಲ ಇನ್ನೊಬ್ಬರದ್ದು ಆಗಿರಬಹುದು. ತೆಂಗಿನ ಮರ ಮೂರನೆಯವರದ್ದೂ ಆಗಿರಬಹುದು. ಬೇರೆಯವರ ಹಿತ್ತಲಲ್ಲಿ ಮನೆ ಕಟ್ಟಿಕೊಂಡು ಇರುವವರಿಗೆ ‘ಮಾಗೆರ್‌ಸಾರಿ’ ಎನ್ನುತ್ತಾರೆ. ಬಾಡಿಗೆ ಎಂದು ಹಣ ಕೊಡದಿದ್ದರೂ ಮದುವೆ ಮುಂಜಿಯಲ್ಲಿ, ಗದ್ದೆ ಕೆಲಸದಲ್ಲಿ ನೆಲದವರಿಗೆ ಕೈ ಜೋಡಿಸುತ್ತಾರೆ. ತೇಗದ ಕಂಬ ತೊಲೆಗಳ ಹಳೇ ಜೋಗ್ಲೊ ಮನೆಯನ್ನು ಪೂರ್ತಿ ಬಿಚ್ಚಿ ಬೇರೆ ಕಡೆ ಜೋಡಿಸಬಹುದು. ಹಾಗಾಗಿ ನೆಲವನ್ನು ಬಿಟ್ಟು ಮನೆಯನ್ನಷ್ಟೇ ಮಾರುವುದೂ ಸಾಧ್ಯ. ಎಷ್ಟೋ ಜೋಗ್ಲೊಗಳು ಹೀಗೆ ಹಳ್ಳಿ ಬಿಟ್ಟು ಹೋಟೆಲ್ ಆಗಿ, ಕೆಫೆಯಾಗಿ ನಿಂತಿವೆ.

ನೆರೆಹೊರೆಯೂ ಆಸ್ತಿಯೇ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಹತ್ತಾರು ಮನೆ ಸೇರಿ ಒಂದು ‘ಆರ್‌ಟಿ’. ಜಪಾನಿಯರ ಕಾಲದಲ್ಲಿ ಶುರುವಾದ ನೆರೆಹೊರೆಯ ಕೂಟ ಇದು. ರಾತ್ರಿ ಗಂಡಸರು ಸರದಿಯಂತೆ ಗಸ್ತು ತಿರುಗುತ್ತಾರೆ. ಪ್ರತಿ ಮನೆಯ ಮುಂದೆ ಒಂದು ಚಿಟಿಕೆ ಅಕ್ಕಿ, ಈಗೀಗ ಚಿಲ್ಲರೆ ಕಾಸು ಇಟ್ಟಿರುತ್ತಾರೆ. ಗಸ್ತಿನವರು ಅದನ್ನು ಕೂಡಿಸಿ ಊರಿನ ಖರ್ಚಿಗೆ ಹಾಕುತ್ತಾರೆ. ಅದಕ್ಕೆ ‘ಜಿಂಪಿತಾನ್’ ಎಂದು ಹೆಸರು. ಮನೆ ಕಟ್ಟಲು ನಮ್ಮ ಮುಯ್ಯಾಳಿನಂತೆ ‘ಸಂಬಾತಾನ್’. ಮದುವೆ ಅಡುಗೆಗೆ ಹೆಂಗಸರೆಲ್ಲ ಸೇರುವುದು ‘ರೆವಾಂಗ್’. ಇವುಗಳಲ್ಲಿ ಪಾಲು ತೆಗೆದುಕೊಳ್ಳುವವರೇ ಊರಿನವರು. ಗೇಟು ಹಾಕಿದ ಹೊಸ ಬಡಾವಣೆಯವರು ದುಡ್ಡು ಕೊಡುತ್ತಾರೆ, ಗಸ್ತಿಗೆ ಬರುವುದು ಕಡಿಮೆ.

ನಗರ ಬಂದಾಗ

ಮೊದಲು ಬರುವುದು ಬ್ರೋಕರ್. ಅಲ್ಲಿ ಅವನಿಗೆ ‘ಮಕೆಲಾರ್’ ಎನ್ನುತ್ತಾರೆ. ಅವನು ಕೇಳುವ ಪ್ರಶ್ನೆ, ಜಮೀನು ಹಸಿರು ವಲಯವೋ ಹಳದಿ ವಲಯವೋ? ಹಸಿರು ಎಂದರೆ ಬೇಸಾಯಕ್ಕೆ, ಹಳದಿ ಎಂದರೆ ವಸತಿಗೆ. ಬೇಸಾಯದ ಜಮೀನು ಉಳಿಸಲು 2009ರಲ್ಲಿ ಒಂದು ಕಾನೂನು ಬಂದಿದೆ. ಅದಕ್ಕೂ ಹಿಂದೆ, 1960ರ ದಶಕದಿಂದಲೇ ಇನ್ನೊಂದು ನಿಯಮ ಇದೆ. ಬೇಸಾಯದ ಜಮೀನಿನ ಒಡೆಯರು ಅದೇ ತಾಲ್ಲೂಕಿನಲ್ಲಿ ಅಥವಾ ಪಕ್ಕದ ತಾಲ್ಲೂಕಿನಲ್ಲಿ ಇರಬೇಕು. ದೂರದ ನಗರದವರು ಸ್ಥಳೀಯರ ಹೆಸರನ್ನು ಎರವಲು ಪಡೆದು ಕೊಳ್ಳುವುದು ಇದೇ ಕಾರಣಕ್ಕೆ.

ಮಾರುವವರು ಯಾಕೆ ಮಾರುತ್ತಾರೆ? ದುರಾಸೆ ಎಂದು ಬರೆಯಬೇಡಿ. ಜಾವಾದಲ್ಲಿ ಅರ್ಧ ಹೆಕ್ಟೇರ್‌ಗಿಂತ ಕಡಿಮೆ ಇರುವ ರೈತರಿಗೆ ‘ಗುರೆಂ’ ಎಂಬ ಹೆಸರೇ ಇದೆ. ಅಂಥವರೇ ಜಾಸ್ತಿ. ಆ ತುಂಡು ಮಕ್ಕಳಿಗೆ ಹಂಚಿಹೋಗುತ್ತದೆ. ಹಳೇ ಮಾತಿನಲ್ಲಿ ‘ಸೆಪಿಕುಲ್ ಸೆಗೆಂದೊಂಗನ್’ ಎನ್ನುತ್ತಾರೆ. ಗಂಡುಮಕ್ಕಳಿಗೆ ಹೆಗಲ ಅಡ್ಡೆಯ ಎರಡು ಹೊರೆ, ಹೆಣ್ಣುಮಕ್ಕಳಿಗೆ ಬೆನ್ನಿಗೆ ಕಟ್ಟಿದ ಒಂದು ಹೊರೆ. ಎಲ್ಲರಿಗೂ ಸಮ ಪಾಲು ಕೊಡುವ ಮನೆಗಳೂ ತುಂಬಾ ಇವೆ. ಹೇಗೆ ಹಂಚಿದರೂ ಮೂರನೇ ತಲೆಮಾರಿಗೆ ಉಳುವಷ್ಟು ಉಳಿಯುವುದಿಲ್ಲ. ಸುತ್ತಲೂ ಮನೆ ಎದ್ದರೆ ನೀರಿನ ದಾರಿ ಮುಚ್ಚುತ್ತದೆ. ಇಲಿಗಳೆಲ್ಲ ಉಳಿದ ಒಂದು ಗದ್ದೆಗೇ ಬರುತ್ತವೆ. ಭೂಮಿ ತೆರಿಗೆಯೂ ಏರುತ್ತದೆ. 2025ರ ಆಗಸ್ಟ್‌ನಲ್ಲಿ ಮಧ್ಯ ಜಾವಾದ ಪಾತಿ ಜಿಲ್ಲೆಯಲ್ಲಿ ಈ ತೆರಿಗೆಯನ್ನು ಶೇ 250ರವರೆಗೆ ಏರಿಸಲು ಹೊರಟಾಗ ಜನ ಬೀದಿಗೆ ಇಳಿದರು. ಏರಿಕೆ ರದ್ದಾಯಿತು.

ಗೆದ್ದವರೂ ಇದ್ದಾರೆ. ಕಾಲೇಜಿನ ಹತ್ತಿರ ಹಿತ್ತಲು ಇದ್ದವರು ‘ಕೊಸ್’ ಎಂಬ ವಿದ್ಯಾರ್ಥಿ ಕೋಣೆಗಳನ್ನು ಕಟ್ಟಿ ತಿಂಗಳ ಬಾಡಿಗೆಯಲ್ಲಿ ಚೆನ್ನಾಗಿ ಬದುಕುತ್ತಿದ್ದಾರೆ. ಆದರೆ ಅದಕ್ಕೂ ಹಿತ್ತಲು ಬೇಕು, ಕಟ್ಟಲು ಹಣ ಬೇಕು. ಕೋರು ಮಾಡುತ್ತಿದ್ದವರ ಹತ್ತಿರ ಎರಡೂ ಇಲ್ಲ. ಮೇಷ್ಟರು ಗದ್ದೆ ಮಾರಿದ ದಿನ ಅವರ ಅರ್ಧ ಪಾಲಿಗೆ ಬೆಲೆ ಕಟ್ಟುವವರು ಯಾರೂ ಇಲ್ಲ.

ಕುಲೊನ್ ಪ್ರೋಗೊ ಜಿಲ್ಲೆಯ ತೆಮೊನ್‌ನಲ್ಲಿ ಹೊಸ ವಿಮಾನ ನಿಲ್ದಾಣ ಬಂದಾಗ ಇದು ಎಲ್ಲರಿಗೂ ಕಾಣುವಂತೆ ನಡೆಯಿತು. ನಿಲ್ದಾಣ 2019ರಲ್ಲಿ ಶುರುವಾಯಿತು. ಅಲ್ಲಿನ ಜಮೀನಿನಲ್ಲಿ ಒಂದು ಭಾಗ ಪಾಕುವಾಲಮನ್ ಮನೆತನದ್ದು. ಕಡಲ ದಂಡೆಯ ಆ ಮರಳಿನಲ್ಲಿ ರೈತರು ವರ್ಷಗಟ್ಟಲೆ ದುಡಿದು ಬೆಳೆ ತೆಗೆದಿದ್ದರು. ನೆಲದ ಪರಿಹಾರ ಮನೆತನಕ್ಕೆ ಹೋಯಿತು. ಆರನೇ ವಿಧಿಯ ಸಮಾಜದ ಹೊಣೆ ಎಂಬ ಮಾತು ಇಂಥ ಕಡೆ ರೈತರ ಕೈ ಹಿಡಿಯಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಅಭ್ಯಾಸಕ್ಕೆ ಒಂದು ಜಾಹೀರಾತು

ಜೋಗ್ಜಾದ ಜಮೀನಿನ ಜಾಹೀರಾತುಗಳಲ್ಲಿ ಪದೇ ಪದೇ ಬರುವ ಪದಗಳನ್ನು ಸೇರಿಸಿದರೆ ಹೀಗಿರುತ್ತದೆ: ‘ಎಸ್‌ಎಚ್‌ಎಂ ಪೆಕರಾಂಗನ್, ಮೊಬಿಲ್ ಪಪಾಸನ್, ದೆಕಾತ್ ಕಂಪುಸ್, ವ್ಯೂ ಸಾವಾ’. ಮೊದಲನೆಯದು ಪೂರ್ಣ ಒಡೆತನದ ಸರ್ಟಿಫಿಕೇಟ್. ಎರಡನೆಯದು ಹಿತ್ತಲ ಜಮೀನು, ಅಂದರೆ ಮನೆ ಕಟ್ಟಬಹುದು. ಮೂರನೆಯದು ಎದುರುಬದುರು ಎರಡು ಕಾರು ಹೋಗುವಷ್ಟು ಅಗಲದ ರಸ್ತೆ. ಆಮೇಲೆ ಕಾಲೇಜು ಹತ್ತಿರ. ಕೊನೆಯದು ಗದ್ದೆ ಕಾಣುತ್ತದೆ ಎಂದು. ಆ ಕಾಣುವ ಗದ್ದೆ ಹಸಿರು ವಲಯದ್ದೋ ಹಳದಿಯದ್ದೋ, ಹಳ್ಳಿಯದ್ದೋ ಒಬ್ಬರದ್ದೋ, ಅದರಲ್ಲಿ ಈ ಬೆಳೆಗೆ ಕೋರು ಮಾಡುತ್ತಿರುವವರು ಯಾರು? ಈ ಮೂರಕ್ಕೂ ಉತ್ತರ ಹುಡುಕಲು ಯಾವ ಯಾವ ಕಾಗದ ನೋಡಬೇಕು, ಯಾರ ಹತ್ತಿರ ಕೇಳಬೇಕು ಎಂದು ಬರೆದು ನೋಡಿ. ಮೂರನೆಯದಕ್ಕೆ ಕಾಗದ ಸಿಗುವುದಿಲ್ಲ. ಬೆಳಗ್ಗೆ ಬೇಗ ಗದ್ದೆಯ ಬದುವಿಗೆ ಹೋಗಿ, ನೀರು ಕಟ್ಟಲು ಬಂದವರನ್ನೇ ಕೇಳಬೇಕು.