ರೊಮಾನೆಸ್ಕ್: ದಪ್ಪ ಗೋಡೆ, ಗುಂಡು ಕಮಾನು, ಒಂದು ಹಳ್ಳಿಯ ಚರ್ಚ್

ಯುರೋಪಿನ ಹಳೆಯ ಚರ್ಚ್ ಅಂದ ಕೂಡಲೇ ಚೂಪು ಕಮಾನು, ಎತ್ತರದ ಶಿಖರ, ಬಣ್ಣದ ಗಾಜಿನ ದೊಡ್ಡ ಕಿಟಕಿ ಕಣ್ಣಮುಂದೆ ಬರುತ್ತವೆ, ಅಲ್ವಾ? ಅದು ಗಾಥಿಕ್ ಶೈಲಿ. ಅದಕ್ಕೂ ಮೊದಲು, ಹೆಚ್ಚುಕಡಿಮೆ 1000ದಿಂದ 1200ರವರೆಗೆ, ಪಶ್ಚಿಮ ಯುರೋಪಿನಲ್ಲಿ ನಡೆದಿದ್ದ ಶೈಲಿಯೇ ರೊಮಾನೆಸ್ಕ್. ಈ ಹೆಸರು ಹುಟ್ಟಿದ್ದು 19ನೇ ಶತಮಾನದ ಆರಂಭದಲ್ಲಿ. ಈ ಕಟ್ಟಡಗಳ ಅರ್ಧವೃತ್ತದ ಕಮಾನುಗಳನ್ನು ನೋಡಿದ ವಿದ್ವಾಂಸರಿಗೆ ಹಳೇ ರೋಮನ್ನರ ಕಟ್ಟಡಗಳು ನೆನಪಾದವು.

ರೊಮಾನೆಸ್ಕ್ ಅರ್ಥವಾಗಬೇಕಾದರೆ ಗೋಡೆ ನೋಡಬೇಕು. ಕಲ್ಲಿನ ಕಮಾನುಚಾವಣಿ ತನ್ನ ಭಾರದಿಂದ ಗೋಡೆಗಳನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಅದನ್ನು ತಡೆಯಲು ಗೋಡೆ ದಪ್ಪವಾಗಿರಬೇಕು. ದೊಡ್ಡ ಕಿಟಕಿ ಇಟ್ಟರೆ ಗೋಡೆಯ ಬಲ ಕುಗ್ಗುತ್ತದೆ. ಹಾಗಾಗಿ ಕಿಟಕಿ ಸಣ್ಣದು, ಒಳಗೆ ಬೆಳಕು ಕಡಿಮೆ. ಆದರೆ ಚಿತ್ರ ಬರೆಯಲು ಬೇಕಾದಷ್ಟು ಗೋಡೆ ಸಿಗುತ್ತದೆ. ಈ ಶೈಲಿಯ ದೊಡ್ಡ ಸೊಗಸು ಇರುವುದು ಅಲ್ಲೇ.

ಸ್ಪೇನಿನ ಕ್ಯಾಟಲೋನಿಯಾದಲ್ಲಿ, ಪಿರನೀಸ್ ಬೆಟ್ಟಗಳ ನಡುವೆ ಬೊಯಿ ಕಣಿವೆ ಇದೆ. ಅಲ್ಲಿನ ತಾಉಲ್ ಎಂಬ ಪುಟ್ಟ ಊರಿನ ಸಾಂತ್ ಕ್ಲಿಮೆಂತ್ ಚರ್ಚ್ ಉದ್ಘಾಟನೆಯಾದದ್ದು 1123ರ ಡಿಸೆಂಬರ್ 10ರಂದು. ಇಷ್ಟು ಖಚಿತವಾಗಿ ಹೇಳಬಹುದು, ಯಾಕೆಂದರೆ ಒಳಗಿನ ಕಂಬವೊಂದರ ಮೇಲೆ ಬಣ್ಣದಲ್ಲಿ ಅದನ್ನು ಬರೆದಿಟ್ಟಿದ್ದರು. ಬಿಷಪ್ ರಾಮೋನ್ ಬಂದಿದ್ದರು. ಮರುದಿನ ಅದೇ ಊರಿನ ಇನ್ನೊಂದು ಚರ್ಚನ್ನೂ, ಸಾಂತಾ ಮರಿಯಾವನ್ನು, ಅವರೇ ಉದ್ಘಾಟಿಸಿದರು. ಬೆಟ್ಟದ ಸಣ್ಣ ಊರಿಗೆ ಎರಡೇ ದಿನದಲ್ಲಿ ಎರಡು ಚರ್ಚ್! ಆಗ ಕಣಿವೆಯನ್ನು ಆಳುತ್ತಿದ್ದವರು ಎರಿಲ್ ಮನೆತನದ ಒಡೆಯರು.

ಒಳಗೆ ಉದ್ದಕ್ಕೆ ಮೂರು ಅಂಕಣ. ಅವುಗಳ ನಡುವೆ ಗುಂಡು ಕಲ್ಲುಕಂಬಗಳು. ಪೂರ್ವದ ತುದಿಯಲ್ಲಿ ಮೂರು ಅರ್ಧವೃತ್ತದ ಕೋಣೆಗಳು. ಬಲಿಪೀಠ ಇರುವುದು ನಡುವಿನದರಲ್ಲಿ. ಈ ಮೂರು ಅಂಕಣಗಳಿಗೆ ಇಲ್ಲಿ ಕಲ್ಲಿನ ಚಾವಣಿಯಿಲ್ಲ, ಮರದ ತೊಲೆಗಳ ಮೇಲೆ ಸ್ಲೇಟ್ ಕಲ್ಲಿನ ಹೊದಿಕೆ. ಪಕ್ಕದಲ್ಲಿ ಆರು ಅಂತಸ್ತಿನ ಚೌಕ ಗಂಟೆಗೋಪುರ. ಗೋಪುರದ ಅಂತಸ್ತುಗಳ ಅಂಚಿನಲ್ಲಿ ಪುಟಾಣಿ ಕುರುಡು ಕಮಾನುಗಳ (ತೆರಪಿಲ್ಲದೆ ಗೋಡೆಗೇ ಅಂಟಿದ ಕಮಾನುಗಳ) ಸಾಲು ಓಡುತ್ತದೆ. ಇದಕ್ಕೆ ಲೊಂಬಾರ್ಡ್ ಪಟ್ಟಿ ಎಂದು ಹೆಸರು. ಉತ್ತರ ಇಟಲಿಯ ಲೊಂಬಾರ್ಡಿ ಕಡೆಯ ಕಲ್ಲುಕೆಲಸದವರಿಂದ ಬಂದ ರೂಢಿ.

ಇನ್ನು ಚಿತ್ರ. ನಡುವಿನ ಕೋಣೆಯ ಒಳಮೈಯಲ್ಲಿ ಕ್ರಿಸ್ತ ಕೂತಿದ್ದಾನೆ. ಬಲಗೈ ಎತ್ತಿದೆ, ಎಡಗೈಯಲ್ಲಿ ತೆರೆದ ಪುಸ್ತಕ. ಅದರಲ್ಲಿ ಲ್ಯಾಟಿನ್‌ನಲ್ಲಿ ‘ನಾನೇ ಲೋಕದ ಬೆಳಕು’ ಎಂದಿದೆ. ಚಿತ್ರದ ನೀಲಿ ಬಣ್ಣಕ್ಕೆ ಬಳಸಿದ್ದು ಪಿರನೀಸ್‌ನಲ್ಲೇ ಸಿಗುವ ಏರಿನೈಟ್ ಎಂಬ ಖನಿಜ. ಬೈಬಲಿನಲ್ಲಿ ಬರುವ ಏಳು ಕಣ್ಣಿನ ಕುರಿಮರಿಯೂ ಇದೆ. ನನಗೆ ಎಲ್ಲಕ್ಕಿಂತ ಇಷ್ಟವಾಗೋದು ಕಮಾನಿನ ಬದಿಯ ಸಣ್ಣ ಚಿತ್ರ: ಬೈಬಲ್ ಕತೆಯ, ಶ್ರೀಮಂತನ ಬಾಗಿಲಲ್ಲಿ ಬಿದ್ದ ಬಡ ಲಾಜರ, ಅವನ ಹುಣ್ಣು ನೆಕ್ಕುತ್ತಿರುವ ನಾಯಿ. ಬರೆದವನ ಹೆಸರು ಉಳಿದಿಲ್ಲ. ‘ತಾಉಲ್‌ನ ಗುರು’ ಎಂದೇ ಕರೆಯುತ್ತಾರೆ.

ಇಂಥ ಕಟ್ಟಡ ಉಳಿದದ್ದು ಹೇಗೆ? ನಗರಗಳಲ್ಲಿ ಹಣ ಬಂದಾಗಲೆಲ್ಲ ಹಳೆಯ ಚರ್ಚ್ ಕೆಡವಿ ಹೊಸ ಶೈಲಿಯಲ್ಲಿ ಕಟ್ಟಿದರು. ಬೊಯಿ ಕಣಿವೆ ಮುಂದೆ ದೂರದ, ಬಡ ಪ್ರದೇಶವಾಗಿಯೇ ಉಳಿಯಿತು. ಮತ್ತೆ ಕಟ್ಟುವ ಶಕ್ತಿ ಇರಲಿಲ್ಲ. ಹಾಗಾಗಿ ರೊಮಾನೆಸ್ಕ್ ಅನ್ನು ಬೆರಕೆಯಿಲ್ಲದೆ ನೋಡಲು ಹಳ್ಳಿಯ ಚರ್ಚುಗಳೇ ಸರಿಯಾದ ಜಾಗ ಅಂತ ನನ್ನ ಅಭಿಪ್ರಾಯ. 2000ದಲ್ಲಿ ಕಣಿವೆಯ ಒಂಬತ್ತು ಚರ್ಚುಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಆದರೆ ಚಿತ್ರಗಳು ಈಗ ಬಾರ್ಸಿಲೋನಾದಲ್ಲಿವೆ. 1919ರ ಹೊತ್ತಿಗೆ ವ್ಯಾಪಾರಿಗಳು ಪಿರನೀಸ್ ಚರ್ಚುಗಳ ಚಿತ್ರಗಳನ್ನು ಹೊರದೇಶಕ್ಕೆ ಮಾರಲು ಶುರುಮಾಡಿದ್ದರು. ಮೂರ್ ಎಂಬ ಊರಿನ ಚಿತ್ರ ಅಮೆರಿಕದ ಬಾಸ್ಟನ್ ಸೇರಿತು. ಗಾಬರಿಯಾದ ಬಾರ್ಸಿಲೋನಾದವರು ಇಟಲಿಯಿಂದ ಪರಿಣತರನ್ನು ಕರೆಸಿದರು. ಅವರು ಚಿತ್ರದ ಮೇಲೆ ಅಂಟು ಹಚ್ಚಿದ ಬಟ್ಟೆ ಹಾಸಿ, ಒಣಗಿದ ಮೇಲೆ ಬಣ್ಣದ ಪದರದ ಸಮೇತ ಎಳೆದರು. ಚಿತ್ರಗಳು ಸುರುಳಿಯಾಗಿ ಹೇಸರಗತ್ತೆಗಳ ಮೇಲೆ ಬೆಟ್ಟ ಇಳಿದವು. ಮಾರಾಟದಿಂದ ಉಳಿಸಿದ್ದು ಸರಿಯೇ. ಆದರೂ ಆ ಗೋಡೆಗಾಗಿಯೇ ಬರೆದ ಚಿತ್ರ ಗೋಡೆ ಬಿಟ್ಟು ಹೋದದ್ದು ದೊಡ್ಡ ನಷ್ಟ. ಸಾಂತ್ ಕ್ಲಿಮೆಂತ್‌ನಲ್ಲಿ ಬಹಳ ಕಾಲ ಒಂದು ನಕಲು ಚಿತ್ರ ಇತ್ತು. 2013ರಿಂದ ಅದರ ಬದಲು ಬರಿಯ ಗೋಡೆಯ ಮೇಲೆ ಬೆಳಕಿನಲ್ಲಿ ಇಡೀ ಚಿತ್ರವನ್ನು ಮೂಡಿಸಿ ತೋರಿಸುತ್ತಾರೆ. ಕಿತ್ತು ಬರದೆ ಉಳಿದ ಮೂಲ ಬಣ್ಣದ ಚೂರುಗಳೂ ಅಲ್ಲಲ್ಲಿ ಕಾಣುತ್ತವೆ.